ಹಿತ್ತಾಳೆ ತಪ್ಪೇಲೆ, ಲಿವರ್ ಮತ್ತು ಮೈಕ್ರೋಸ್ಕೋಪ್

ಲಿವರ್ ಬಯಾಪ್ಸಿ ಅಂತ, ಅಂದರೆ ಪರೀಕ್ಷೆಗೆ ಸೂಜಿಯಿಂದ ತೆಗೆದು, ನಮ್ಮ ಟೇಬಲ್‌ಗೆ ಬರುವ ತುಣುಕು ಎಷ್ಟು ದೊಡ್ಡದಿರಬಹುದು ಹೇಳಿ? ಎರಡು ಸೆಂಟಿಮೀಟರ್ ಉದ್ದ, ಹೂ ಕಟ್ಟುವ ದಾರದಷ್ಟು ದಪ್ಪ. ಅಷ್ಟೇ. ಫಾರ್ಮಲಿನ್ ತುಂಬಿದ ಪುಟ್ಟ ಬಾಟಲಿಯ ತಳದಲ್ಲಿ ಸುಮ್ನೆ ಬಿದ್ದಿರುತ್ತದೆ. ದೊಡ್ಡವರ ಲಿವರ್ ಸುಮಾರು ಒಂದೂವರೆ ಕೆಜಿ ತೂಗುತ್ತದೆ. ಸೂಜಿಗೆ ಸಿಕ್ಕಿದ್ದು ಅದರ 50,000ದಲ್ಲಿ ಒಂದು ಪಾಲು. ಇಷ್ಟನ್ನು ನೋಡಿ ಆ ಮನುಷ್ಯರಿಗೆ ಏನಾಗಿದೆ, ಎಷ್ಟು ದೂರ ಹೋಗಿದೆ ಅಂತ ನಾವು ಬರೆದು ಕೊಡಬೇಕು.

ನಾನು ಕೋಲಾರದಲ್ಲಿ ಪ್ಯಾಥಾಲಜಿಸ್ಟ್. ಊರು ಮುಳಬಾಗಿಲಿನ ಕಡೆ. ನಮ್ಮ ನೆಂಟರಲ್ಲಿ ಅರ್ಧಕ್ಕರ್ಧ ಜನ ನಾನು ರಕ್ತ ಪರೀಕ್ಷೆ ಮಾಡುವವಳು ಅಂತಲೇ ತಿಳಿದಿದ್ದಾರೆ. ತಪ್ಪೇನಿಲ್ಲ, ಅದೂ ನಮ್ಮ ಕೆಲಸವೇ. ಆದರೆ ನನ್ನ ಮನಸ್ಸು ನಿಂತಿರುವುದು ಲಿವರ್ ಸ್ಲೈಡುಗಳಲ್ಲಿ. ಎಂ.ಡಿ. ಓದುವಾಗ ಬೆಂಗಳೂರಿನಲ್ಲಿ ಒಬ್ಬ ಮೇಡಂ ಕೈಕೆಳಗೆ ಕಲಿತೆ. ಅವರದ್ದು ಒಂದು ಪದ್ಧತಿ ಇತ್ತು. ತುಣುಕಿನ ಜೊತೆ ವಾರ್ಡಿನಿಂದ ರೋಗಿಯ ವಿವರ ಬರೆದ ಫಾರಂ ಬರುತ್ತದೆ. ಮೊದಲು ಅದನ್ನು ಓದದೆ ಸ್ಲೈಡ್ ನೋಡಬೇಕು. ಕಂಡದ್ದನ್ನು ಬರೆದಿಡಬೇಕು. ಆಮೇಲೆ ಫಾರಂ ಓದಬೇಕು. ಓದಿ ಇನ್ನೊಮ್ಮೆ ಸ್ಲೈಡ್ ನೋಡಬೇಕು. ಫಾರಂನಲ್ಲಿ ಏನೂ ಬರೆದಿಲ್ಲವೆಂದರೆ ಫೋನ್ ಎತ್ತಬೇಕು. ಈ ಕೊನೆಯ ಮಾತನ್ನು ಅವರು ಬಿಡುತ್ತಲೇ ಇರಲಿಲ್ಲ. ‘ಲಿವರ್‌ಗೆ ಏನಾಗಿದೆ ಅಂತ ಸ್ಲೈಡ್ ಹೇಳುತ್ತೆ. ಯಾಕಾಗಿದೆ ಅಂತ ಹೇಳೋದು ಮನೆಯವರು’ ಅನ್ನುತ್ತಿದ್ದರು.

ಆ ಮಾತು ಎಷ್ಟು ನಿಜ ಅನ್ನುವುದು ಈ ಕಸುಬಿನ ಚರಿತ್ರೆ ಓದುತ್ತಾ ಹೋದ ಹಾಗೆ ನನಗೆ ಗೊತ್ತಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಬಾಟಲಿಯಿಂದ ತುಣುಕನ್ನು ಮೆಲ್ಲಗೆ ಎತ್ತಿ, ಫಿಲ್ಟರ್ ಪೇಪರಿನಲ್ಲಿ ಸುತ್ತಿ ಕ್ಯಾಸೆಟ್‌ನೊಳಗೆ ಇಡುತ್ತೇವೆ. ಇಲ್ಲದಿದ್ದರೆ ಅಷ್ಟು ಸಣ್ಣದು ಎಲ್ಲೋ ಕಳೆದುಹೋಗುತ್ತದೆ. ರಾತ್ರಿಯಿಡೀ ಆಲ್ಕೋಹಾಲ್, ಜೈಲೀನ್, ಕರಗಿದ ಮೇಣ ದಾಟಿ ಬೆಳಿಗ್ಗೆ ಅದು ಮೇಣದ ಬ್ಲಾಕ್ ಆಗಿರುತ್ತದೆ. ನಮ್ಮ ಟೆಕ್ನಿಷಿಯನ್ ಮೈಕ್ರೋಟೋಮ್ ಮುಂದೆ ಕೂತು ಅದನ್ನು ನಾಲ್ಕು ಮೈಕ್ರಾನ್ ದಪ್ಪಕ್ಕೆ ಕತ್ತರಿಸುತ್ತಾರೆ. ಒಂದು ಮಿಲಿಮೀಟರಿನಲ್ಲಿ ಅಂಥವು 250 ಪದರ. ಅದು ರಿಬ್ಬನ್ ಆಗಿ ಬರುತ್ತದೆ. ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಅಡಿಯಿಂದ ಗಾಜಿನ ಸ್ಲೈಡ್ ತಂದು ಎತ್ತಿಕೊಳ್ಳಬೇಕು. ಈ ಹೊತ್ತಿನಲ್ಲಿ ಅವರು ಫ್ಯಾನ್ ಹಾಕಲು ಬಿಡುವುದಿಲ್ಲ, ಯಾರ ಜೊತೆಗೂ ಮಾತಾಡುವುದಿಲ್ಲ. ರಿಬ್ಬನ್ ಮಡಚಿಕೊಂಡರೆ ಆ ಪದರ ಹೋಯಿತು. ಬ್ಲಾಕ್‌ನಲ್ಲಿ ಇರುವುದೇ ಅಷ್ಟು ಚೂರು. ನಮ್ಮ ರಿಪೋರ್ಟುಗಳಲ್ಲಿ ಅವರ ಹೆಸರು ಎಲ್ಲೂ ಬರುವುದಿಲ್ಲ. ಆದರೆ ಅವರ ಕೈ ನಡುಗಿದರೆ ನನ್ನ ಓದೂ ನಡುಗುತ್ತದೆ.

ಆಮೇಲೆ ಬಣ್ಣ. ಮೊದಲ ಬಣ್ಣದಲ್ಲಿ ಜೀವಕೋಶದ ನ್ಯೂಕ್ಲಿಯಸ್ ನೀಲಿ, ಉಳಿದದ್ದು ಗುಲಾಬಿ. ಗಾಯ ಮಾಗಿ ಗಟ್ಟಿಯಾದ ನಾರು ಎಷ್ಟಿದೆ ಅಂತ ನೋಡಲು ಟ್ರೈಕ್ರೋಮ್, ಕಬ್ಬಿಣ ನೋಡಲು ಪರ್ಲ್ಸ್. ಇನ್ನೊಂದು ಬಣ್ಣ ಆರ್ಸೀನ್. ಅದರ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಒಂದು ಸ್ಲೈಡ್. ಗುರುತು ಸಿಗದ ಹಾಗೆ ಹೇಳುತ್ತೇನೆ. ಐವತ್ತರ ಆಸುಪಾಸಿನ ಹೆಂಗಸು. ಟೊಮೆಟೊ ಸೀಸನ್ನಿನಲ್ಲಿ ಮಂಡಿಯಲ್ಲಿ ಕೆಲಸ, ಉಳಿದ ದಿನ ಮನೆಯಲ್ಲಿ ಎರಡು ಸೀಮೆ ಹಸು. ಸ್ಲೈಡಿನಲ್ಲಿ ಲಿವರ್ ತುಂಬ ಕೊಬ್ಬಿನ ಬಿಳಿ ಗುಳ್ಳೆಗಳು. ಕೋಶಗಳು ಉಬ್ಬಿಕೊಂಡಿವೆ. ಕೆಲವು ಉಬ್ಬಿದ ಕೋಶಗಳ ಒಳಗೆ ಗುಲಾಬಿ ಬಣ್ಣದ ಮುದ್ದೆ. ಸುತ್ತ ನಾರು ಹಬ್ಬಲು ಶುರುವಾಗಿದೆ.

ಆ ಗುಲಾಬಿ ಮುದ್ದೆಗೆ ಮ್ಯಾಲರಿ ಬಾಡಿ ಅನ್ನುತ್ತಾರೆ. ಬೋಸ್ಟನ್‌ನಲ್ಲಿದ್ದ ಪ್ಯಾಥಾಲಜಿಸ್ಟ್ ಫ್ರಾಂಕ್ ಮ್ಯಾಲರಿ 1911ರಲ್ಲಿ ಇದನ್ನು ವಿವರಿಸಿದರು. ಅವರು ನೋಡಿದ್ದು ಕುಡಿತದಿಂದ ಕೆಟ್ಟ ಲಿವರ್‌ಗಳಲ್ಲಿ. ಅಲ್ಲಿಂದ ಮುಂದೆ ಎಷ್ಟೋ ವರ್ಷ ಇದು ಕುಡುಕರ ಗುರುತು ಅಂತಲೇ ಆಗಿಹೋಯಿತು. ಸ್ಲೈಡಿನಲ್ಲಿ ಅದು ಕಂಡರೆ ಪ್ಯಾಥಾಲಜಿಸ್ಟ್ ‘ಆಲ್ಕೋಹಾಲ್’ ಅಂತ ಬರೆಯುತ್ತಿದ್ದರು. ರೋಗಿ ‘ನಾನು ಮುಟ್ಟೇ ಇಲ್ಲ’ ಅಂದರೆ ಸುಳ್ಳು ಹೇಳುತ್ತಿದ್ದಾರೆ ಅಂತ ಎಲ್ಲರೂ ತಿಳಿಯುತ್ತಿದ್ದರು.

ಫಾರಂನಲ್ಲಿ ಬರೆದಿದ್ದದ್ದು ಒಂದೇ ಸಾಲು: ರಕ್ತದಲ್ಲಿ ಲಿವರ್ ಎಂಜೈಮ್ ಜಾಸ್ತಿ, ಸಿರೋಸಿಸ್ ಇದೆಯಾ ನೋಡಿ. ಸಿರೋಸಿಸ್ ಅಂದರೆ ಲಿವರ್ ತುಂಬ ನಾರು ಹಬ್ಬಿ ಗಟ್ಟಿಯಾಗುವುದು. ವಾರ್ಡಿಗೆ ಫೋನ್ ಮಾಡಿದೆ. ಮಗ ಮಾತಾಡಿದ. ‘ಅಮ್ಮಂಗೆ ಶುಗರ್ ಇದೆ ಮೇಡಂ, ಹತ್ತು ವರ್ಷ ಆಯ್ತು. ಕುಡಿಯೋದೆಲ್ಲ ಇಲ್ಲ. ಎಲ್ಲಾರೂ ಅದನ್ನೇ ಕೇಳ್ತಾರೆ, ಅವಮಾನ ಆಗುತ್ತೆ ಅವಳಿಗೆ’ ಅಂದ. ದನಿಯಲ್ಲಿ ಸಿಟ್ಟಿತ್ತು. ಸಿಟ್ಟು ಬರುವುದು ನ್ಯಾಯವೇ ಅಲ್ವಾ?

ಆ ಅವಮಾನದಿಂದ ಇಂಥವರನ್ನು ಕಾಪಾಡಿದ್ದು ಒಬ್ಬ ಪ್ಯಾಥಾಲಜಿಸ್ಟ್. ಅಮೆರಿಕದ ಮೇಯೊ ಕ್ಲಿನಿಕ್‌ನ ಯೂರ್ಗನ್ ಲುಡ್ವಿಗ್. 1980ರಲ್ಲಿ ಅವರೂ ಸಹೋದ್ಯೋಗಿಗಳೂ 20 ರೋಗಿಗಳ ವಿವರ ಪ್ರಕಟಿಸಿದರು. ಬಯಾಪ್ಸಿ ನೋಡಿದರೆ ಥೇಟ್ ಕುಡಿತದ ಲಿವರ್. ಆದರೆ ಆ ಜನ ಕುಡಿಯುವವರಲ್ಲ. ಹೆಂಗಸರೇ ಜಾಸ್ತಿ. ಹೆಚ್ಚಿನವರದ್ದು ದಪ್ಪ ಮೈ. ಹಲವರಿಗೆ ಶುಗರ್, ಪಿತ್ತಕೋಶದಲ್ಲಿ ಕಲ್ಲು. ಇದು ಹೆಸರೇ ಇಲ್ಲದ ಬೇರೆ ಕಾಯಿಲೆ ಅಂತ ಅವರು ಹೇಳಿದರು, ‘ನ್ಯಾಶ್’ ಅಂತ ಹೆಸರಿಟ್ಟರು, ಅಂದರೆ ಕುಡಿತವಿಲ್ಲದೆ ಲಿವರ್‌ನಲ್ಲಿ ಕೊಬ್ಬು ತುಂಬಿ ಬರುವ ಉರಿಯೂತ. 2023ರಲ್ಲಿ ಆ ಹೆಸರು ‘ಮ್ಯಾಶ್’ ಅಂತ ಬದಲಾಯಿತು, ಅದಿರಲಿ. ಲುಡ್ವಿಗ್ ಕಂಡ ಕೊಬ್ಬು, ಉಬ್ಬಿದ ಕೋಶ, ಗುಲಾಬಿ ಮುದ್ದೆ ಎಲ್ಲ ಅವರ ಹಿಂದಿನವರಿಗೂ ಕಂಡಿದ್ದವು. ಹೊಸದು ಅಂದರೆ ಅವರು ರೋಗಿಯ ಮಾತನ್ನು ನಂಬಿದ್ದು. ಒಳ್ಳೆಯ ಮೈಕ್ರೋಸ್ಕೋಪ್ ಇದ್ದವರು ಆಗಲೂ ಬೇಕಾದಷ್ಟು ಜನ ಇದ್ದರು.

ಇವತ್ತು ಕೋಲಾರದಲ್ಲಿ ನನ್ನ ಮುಂದೆ ಬರುವ ಲಿವರ್‌ಗಳಲ್ಲಿ ಈ ಥರದ್ದು ತುಂಬಾ. ಕುಡಿತದ್ದೂ ಕಡಿಮೆ ಏನಿಲ್ಲ. ಎರಡೂ ಒಬ್ಬರಲ್ಲೇ ಇರುವುದೂ ಉಂಟು. ಕೆಲವು ಸೂಕ್ಷ್ಮ ಸುಳಿವುಗಳಿವೆ, ಆದರೆ ಬರೀ ಸ್ಲೈಡ್ ನೋಡಿ ಇದು ಅದೇ, ಇದು ಇದೇ ಅಂತ ಗೆರೆ ಎಳೆದ ಹಾಗೆ ಹೇಳಲು ಎಷ್ಟೋ ಸಲ ಆಗುವುದಿಲ್ಲ. ಕೇಳಲೇಬೇಕು.

ಆರ್ಸೀನ್ ಮಾತಿಗೆ ಬರುತ್ತೇನೆ. ನನ್ನನ್ನು ಈ ದಾರಿಗೆ ಎಳೆದದ್ದೇ ಆ ಕಥೆ.

ನಮ್ಮ ಅಜ್ಜಿಯ ಕಾಲದ ಹೆಂಗಸರು ‘ಆ ಮಗು ಲಿವರ್ ಆಗಿ ಹೋಯ್ತು’ ಅಂತ ಹೇಳುವುದನ್ನು ಕೇಳಿದ್ದೇನೆ. ಹಳಬರಿಗೆ ಮದ್ರಾಸಿನ ಜಮ್ಮಿ ಲಿವರ್ ಕ್ಯೂರ್ ಅನ್ನೋ ಔಷಧಿ ಹೆಸರು ಇನ್ನೂ ನೆನಪಿದೆ. ಆರು ತಿಂಗಳು, ವರ್ಷ, ಎರಡು ವರ್ಷದ ಮಕ್ಕಳು. ಮಗು ರಚ್ಚೆ ಹಿಡಿಯುತ್ತದೆ, ಹೊಟ್ಟೆ ಉಬ್ಬುತ್ತದೆ, ಪಕ್ಕೆಲುಬಿನ ಕೆಳಗೆ ಲಿವರ್ ಗಟ್ಟಿಯಾಗಿ ಕೈಗೆ ಸಿಗುತ್ತದೆ. ಆಮೇಲೆ ಕಾಮಾಲೆ, ಹೊಟ್ಟೆಯಲ್ಲಿ ನೀರು. ಹೆಚ್ಚಿನ ಮಕ್ಕಳು ಉಳಿಯುತ್ತಿರಲಿಲ್ಲ. ಒಂದೇ ಮನೆಯಲ್ಲಿ ಅಣ್ಣ ಹೋದ ಮೇಲೆ ತಮ್ಮನಿಗೂ ಬರುತ್ತಿತ್ತು. ದೋಷ, ಶಾಪ ಅಂತ ಮನೆಯವರು ಹರಕೆ ಹೊರುತ್ತಿದ್ದರು. ಹೆತ್ತ ತಾಯಿ ಮೇಲೆ ಮಾತು ಬರುತ್ತಿತ್ತು. ವೈದ್ಯರ ಪುಸ್ತಕದಲ್ಲಿ ಇದಕ್ಕೆ ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್ ಅಂತ ಹೆಸರು.

ದೆಹಲಿಯ ಏಮ್ಸ್‌ನಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಎನ್. ಸಿ. ನಾಯಕ್ ಈ ಮಕ್ಕಳ ಲಿವರ್‌ಗಳನ್ನು ವರ್ಷಗಟ್ಟಲೆ ನೋಡಿದರು. ರಾಮಲಿಂಗಸ್ವಾಮಿ ಅಂದರೆ ಕಾಂಗ್ರಾ ಕಣಿವೆಯಲ್ಲಿ ಗಳಗಂಡದ ಮೇಲೆ ಕೆಲಸ ಮಾಡಿ ಅಯೋಡಿನ್ ಉಪ್ಪಿನ ಮಹತ್ವ ತೋರಿಸಿಕೊಟ್ಟವರು. ಅವರೂ ಪ್ಯಾಥಾಲಜಿಸ್ಟ್ ಅನ್ನುವುದು ಎಷ್ಟು ಜನರಿಗೆ ಗೊತ್ತು? ಈ ಮಕ್ಕಳ ಲಿವರ್‌ನಲ್ಲಿ ಕಾಣುತ್ತಿದ್ದದ್ದು ಏನು ಗೊತ್ತಾ? ಅದೇ ಗುಲಾಬಿ ಮುದ್ದೆ. ಮ್ಯಾಲರಿ ಬಾಡಿ. ಅದೂ ರಾಶಿ ರಾಶಿ. ಹಾಲು ಕುಡಿಯುವ ಮಗುವಿನಲ್ಲಿ! ಕುಡಿತದ ಗುರುತು ಅಂತ ಜಗತ್ತು ಇನ್ನೂ ನಂಬಿಕೊಂಡಿದ್ದ ಕಾಲದಲ್ಲಿ.

ಆರ್ಸೀನ್ ಅನ್ನುವುದು ಕಲ್ಲುಹೂವಿನ ಜಾತಿಯವುಗಳಿಂದ ಬಂದ ಹಳೆಯ ಬಣ್ಣ. 1974ರಲ್ಲಿ ಜಪಾನಿನ ಶಿಕಾಟಾ ಅದನ್ನು ಹೆಪಟೈಟಿಸ್ ಬಿ ಇರುವ ಕೋಶಗಳನ್ನು ಹುಡುಕಲು ಬಳಸಿದರು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಪ್ಯಾಥಾಲಜಿಸ್ಟ್ ಬರ್ನಾರ್ಡ್ ಪೋರ್ಟ್‌ಮನ್ ಮತ್ತು ಜೊತೆಗಾರರು ಇದೇ ಬಣ್ಣವನ್ನು ಭಾರತದ ಮಕ್ಕಳ ಲಿವರ್ ಮೇಲೆ ಹಾಕಿದರು. ಕೋಶದ ತುಂಬ ಕಂದು ಕಾಳುಗಳು ಎದ್ದು ಕಂಡವು. ಅದು ವೈರಸ್ ಅಲ್ಲ, ತಾಮ್ರ ಹಿಡಿದಿಟ್ಟುಕೊಂಡ ಪ್ರೋಟೀನ್. 1978ರಲ್ಲಿ ಇದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ದೊಡ್ಡವರ ಒಣ ಲಿವರ್‌ನಲ್ಲಿ ಗ್ರಾಂಗೆ 50 ಮೈಕ್ರೋಗ್ರಾಂ ಒಳಗೆ ತಾಮ್ರ ಇರಬೇಕು. ಈ ಮಕ್ಕಳಲ್ಲಿ 1000 ದಾಟಿದ್ದೂ ಸಾಮಾನ್ಯವಾಗಿತ್ತು.

ತಾಮ್ರ ಇದೆ, ಸರಿ. ಆದರೆ ಬಂದದ್ದು ಎಲ್ಲಿಂದ? ಇದನ್ನು ಯಾವ ಮೈಕ್ರೋಸ್ಕೋಪೂ ಹೇಳಲಾರದು. ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ. ಪುಣೆಯ ಮಕ್ಕಳ ವೈದ್ಯರಾದ ಶೀಲಾ ಭಾವೆ, ಆನಂದ್ ಪಂಡಿತ್ ಮತ್ತು ಇಂಗ್ಲೆಂಡಿನ ಸ್ಟುವರ್ಟ್ ಟ್ಯಾನರ್ ಒಟ್ಟಿಗೆ ಕೆಲಸ ಮಾಡಿದರು. ಮಗುವಿಗೆ ಏನು ಕುಡಿಸಿದಿರಿ, ಯಾವಾಗಿನಿಂದ, ಯಾವ ಪಾತ್ರೆಯಲ್ಲಿ ಕಾಯಿಸಿದಿರಿ, ಯಾವುದರಲ್ಲಿ ಇಟ್ಟಿರಿ ಅಂತ ಕೂತು ಕೇಳಿದರು. ಕಾಯಿಲೆ ಇದ್ದ ಮಕ್ಕಳ ಮನೆಯನ್ನೂ ಇಲ್ಲದ ಮಕ್ಕಳ ಮನೆಯನ್ನೂ ಹೋಲಿಸಿ ನೋಡಿದರು. ಕಾಯಿಲೆ ಬಂದ ಮಕ್ಕಳಿಗೆ ಬೇಗನೆ ಎದೆಹಾಲಿನ ಬದಲು ಹಸುವಿನದೋ ಎಮ್ಮೆಯದೋ ಹಾಲು ಶುರುವಾಗಿತ್ತು. ಆ ಹಾಲು ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾದಿತ್ತು, ಅದರಲ್ಲೇ ಉಳಿದಿತ್ತು. 1983ರಲ್ಲಿ ಅವರು ಇದನ್ನು ಲ್ಯಾನ್ಸೆಟ್‌ನಲ್ಲಿ ಮುಂದಿಟ್ಟರು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಕಲಾಯಿ ಇಲ್ಲದ ಪಾತ್ರೆಯಲ್ಲಿ ಹಾಲು ನಿಂತರೆ ತಾಮ್ರ ಬಿಡುತ್ತದೆ, ಹಾಲಿನ ಕೇಸೀನ್ ಅದನ್ನು ಹಿಡಿದುಕೊಳ್ಳುತ್ತದೆ. ಎಳೆಗೂಸಿನ ಲಿವರ್‌ಗೆ ಅದನ್ನು ಪಿತ್ತದ ಮೂಲಕ ಹೊರಗೆ ಹಾಕುವ ಶಕ್ತಿ ಸಾಲದು.

ಇದನ್ನು ಮೊದಲ ಸಲ ಓದಿದಾಗ ನನ್ನ ಕಣ್ಣಿಗೆ ಬಂದದ್ದು ನಮ್ಮ ಅಜ್ಜಿಯ ಅಡುಗೆಮನೆ. ಹಾಲಿಗೆ ಅಂತಲೇ ಒಂದು ಹಿತ್ತಾಳೆ ತಪ್ಪೇಲೆ. ಅಂಚಿನಲ್ಲಿ ಸವೆದು, ಒಳಗೆ ಅರ್ಧ ಬೆಳ್ಳಗೆ ಅರ್ಧ ಹಳದಿ. ಕಲಾಯಿ ಹಾಕುವವನು ಬೀದಿಗೆ ಬಂದಾಗ ನೆಲದಲ್ಲಿ ಗುಂಡಿ ತೋಡಿ, ತಿದಿ ಒತ್ತಿ ಕೆಂಡ ಮಾಡಿ, ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಸವರಿ ಬಟ್ಟೆಯಿಂದ ಉಜ್ಜುತ್ತಿದ್ದ. ಬಿಳಿ ಹೊಗೆ ಮೇಲೇಳುತ್ತಿತ್ತು. ನಾವು ಮಕ್ಕಳು ಸುತ್ತ ನಿಂತು ನೋಡುತ್ತಿದ್ದೆವು. ಹುಳಿ ಪದಾರ್ಥ ಕಿಲುಬು ಹಿಡಿಯಬಾರದು ಅಂತ ಕಲಾಯಿ ಎಂದೇ ಎಲ್ಲರೂ ತಿಳಿದದ್ದು. ಹಾಲಿನ ವಿಷಯ ಯಾರ ತಲೆಗೂ ಬಂದಿರಲಿಲ್ಲ. ಕಲಾಯಿಯವನು ಬರುವುದು ತಡವಾದರೆ ಅದೇ ತಪ್ಪೇಲೆಯಲ್ಲೇ ಹಾಲು ಕಾಯುತ್ತಿತ್ತು. ಅದರಿಂದಲೇ ಒಳಲೆಗೆ ಸುರಿದು ಮಗುವಿಗೆ ಕುಡಿಸುತ್ತಿದ್ದರು. ಹಸು ಕಟ್ಟಿದ, ಹಿತ್ತಾಳೆ ಪಾತ್ರೆ ಕೊಳ್ಳುವ ಶಕ್ತಿ ಇದ್ದ, ಸ್ವಲ್ಪ ಅನುಕೂಲಸ್ಥರ ಮನೆಗಳಿಗೇ ಈ ಕಾಯಿಲೆ ಜಾಸ್ತಿ ಬರುತ್ತಿತ್ತು ಅನ್ನುವುದಕ್ಕೂ ಇಲ್ಲಿ ಅರ್ಥ ಸಿಗುತ್ತದೆ.

ಹಿತ್ತಾಳೆ ಇದ್ದ ಎಲ್ಲ ಮನೆಯಲ್ಲೂ ಮಕ್ಕಳಿಗೆ ಹೀಗಾಗಲಿಲ್ಲ. ಕೆಲವು ಮಕ್ಕಳ ಮೈಯಲ್ಲೇ ತಾಮ್ರ ತಡೆಯುವ ಶಕ್ತಿ ಕಡಿಮೆ ಇದ್ದಿರಬೇಕು ಅಂತ ಅನೇಕರ ಅಭಿಪ್ರಾಯ. ತಾಮ್ರ ಒಂದೇ ಕಾರಣವಾ ಅನ್ನುವ ಚರ್ಚೆ ಆಮೇಲೂ ನಡೆಯಿತು. ಆದರೆ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಕಥೆ ಕೇಳಿ. ಅಲ್ಲಿ 1900ರಿಂದ 1974ರವರೆಗೆ 138 ಎಳೆಮಕ್ಕಳು ಇಂಥದ್ದೇ ಲಿವರ್ ಕಾಯಿಲೆಯಿಂದ ಸತ್ತಿದ್ದರು ಅಂತ 1996ರಲ್ಲಿ ಪ್ರಕಟವಾಯಿತು. ಅಲ್ಲೂ ಕಲಾಯಿ ಇಲ್ಲದ ತಾಮ್ರದ ಪಾತ್ರೆ, ಅದರಲ್ಲಿ ಕಾಯಿಸಿದ ಹಸುವಿನ ಹಾಲು. ಪಾತ್ರೆ ಬದಲಾದ ಮೇಲೆ ಕಾಯಿಲೆಯೂ ಹೋಯಿತು. ನಮ್ಮಲ್ಲೂ ಸ್ಟೀಲ್ ಪಾತ್ರೆ ಮನೆಮನೆಗೆ ಬಂತು, ಕಾಯಿಲೆ ಹೆಚ್ಚುಕಡಿಮೆ ಕಾಣೆಯಾಯಿತು. ನನ್ನ ಪಿ.ಜಿ. ವಿದ್ಯಾರ್ಥಿಗಳು ಇದನ್ನು ಪುಸ್ತಕದಲ್ಲಿ ಮಾತ್ರ ಓದಿದ್ದಾರೆ. ನಾನು ಕೂಡ ಹಳೆಯ ಟೀಚಿಂಗ್ ಸ್ಲೈಡ್ ಬಿಟ್ಟರೆ ನೋಡಿಲ್ಲ. ಇದಕ್ಕಿಂತ ಸಂತೋಷದ ಮಾತು ಇನ್ನೊಂದಿಲ್ಲ ನನಗೆ.

ಈಗ ಹಳೆಯ ಪಾತ್ರೆಗಳಿಗೆ ಮತ್ತೆ ಬೇಡಿಕೆ ಬಂದಿದೆ. ನೀರು ಕುಡಿಯಲು ತಾಮ್ರದ ಚೊಂಬು ಇಟ್ಟುಕೊಳ್ಳುವವರ ಮೇಲೆ ನನ್ನ ತಕರಾರಿಲ್ಲ. ಕೂಸಿನ ಹಾಲನ್ನು ಮಾತ್ರ ಅದರಲ್ಲಿ ಕಾಯಿಸಬೇಡಿ, ಇಡಬೇಡಿ. ಅಜ್ಜಿಯ ನೆನಪಿಗೆ ಅಂತಲೂ ಬೇಡ.

ಲಿವರ್ ಪ್ಯಾಥಾಲಜಿ ಅಂದರೆ ಹಾನ್ಸ್ ಪಾಪರ್ ಹೆಸರು ಹೇಳದೆ ಮುಗಿಯುವುದಿಲ್ಲ. 1903ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ. 1938ರಲ್ಲಿ ನಾಜಿಗಳು ಆಸ್ಟ್ರಿಯಾ ಹಿಡಿದಾಗ ತಪ್ಪಿಸಿಕೊಂಡು ಷಿಕಾಗೋ ಸೇರಿದರು. ಅಲ್ಲಿ ಕುಕ್ ಕೌಂಟಿ ಆಸ್ಪತ್ರೆ, ಬಡವರ ದೊಡ್ಡ ಆಸ್ಪತ್ರೆ. ಆಮೇಲೆ ನ್ಯೂಯಾರ್ಕಿನ ಮೌಂಟ್ ಸೈನಾಯ್. 1988ರಲ್ಲಿ ತೀರಿಕೊಂಡರು. ವಾರ್ಡಿನ ವೈದ್ಯರನ್ನೂ ಮೈಕ್ರೋಸ್ಕೋಪ್ ಮುಂದೆ ಕೂರುವವರನ್ನೂ ಒಂದೇ ಕಡೆ ಸೇರಿಸಿದ್ದು ಅವರ ದೊಡ್ಡ ಕೆಲಸ ಅಂತ ನನ್ನ ಎಣಿಕೆ.

ಅವರು, ಬೆಲ್ಜಿಯಂನ ವಾಲೀರ್ ಡೆಸ್ಮೆಟ್, ಲಂಡನ್ನಿನ ಪೀಟರ್ ಶೋಯರ್ ಮೊದಲಾದವರು ಸೇರಿ 1968ರಲ್ಲಿ ದೀರ್ಘಕಾಲದ ಹೆಪಟೈಟಿಸ್ ಅನ್ನು, ಅಂದರೆ ಲಿವರ್ ಉರಿಯೂತವನ್ನು, ಸೌಮ್ಯ, ಉಗ್ರ ಅಂತ ಎರಡು ಬಗೆಯಾಗಿ ವಿಂಗಡಿಸಿದರು. ಕಣ್ಣಿಗೆ ಕಂಡದ್ದನ್ನು ಇಟ್ಟುಕೊಂಡು ಮಾಡಿದ ವಿಂಗಡಣೆ. ಜಗತ್ತೆಲ್ಲ ಅದನ್ನೇ ಬಳಸಿತು. ಆಮೇಲೆ 1989ರಲ್ಲಿ ಹೆಪಟೈಟಿಸ್ ಸಿ ವೈರಸ್ ಸಿಕ್ಕಿತು. ಹೆಸರಿಲ್ಲದೆ ಉಳಿದಿದ್ದ ಎಷ್ಟೋ ರೋಗಿಗಳಿಗೆ ಕಾರಣ ಸಿಕ್ಕಿತು. ಸ್ಲೈಡಿನಲ್ಲಿ ಸೌಮ್ಯ ಅಂತ ಕಂಡದ್ದು ಮುಂದೆ ಸೌಮ್ಯವಾಗಿಯೇ ಇರಬೇಕಿಲ್ಲ ಅಂತಲೂ ಗೊತ್ತಾಯಿತು. 1994ರಲ್ಲಿ ಹೊಸ ಪದ್ಧತಿ ಬಂತು: ಮೊದಲು ಕಾರಣ ಬರೆಯಿರಿ, ಆಮೇಲೆ ಉರಿಯೂತ ಎಷ್ಟು, ನಾರು ಎಷ್ಟು ಅಂತ ಬರೆಯಿರಿ, ಹಳೆಯ ಹೆಸರು ಬಿಟ್ಟುಬಿಡಿ. ಹಾಗೆ ಬರೆದವರು ಯಾರು ಅಂದರೆ ಅದೇ ಡೆಸ್ಮೆಟ್, ಅದೇ ಶೋಯರ್, ಮತ್ತೆ ಕೆಲವರು. ತಾವೇ ಕಟ್ಟಿದ, ಕಾಲು ಶತಮಾನ ಜಗತ್ತು ಒಪ್ಪಿಕೊಂಡ ಪದ್ಧತಿಯನ್ನು ತಾವೇ ಬಿಡಿಸಿದರು. ನನಗೆ ಅವರ ಮೇಲೆ ಅಪಾರ ಗೌರವ ಇರುವುದು ಇದಕ್ಕೇ. ನಾವು ಇವತ್ತಿಗೂ ರಿಪೋರ್ಟ್ ಬರೆಯುವುದು ಹೆಚ್ಚುಕಡಿಮೆ ಆ ರೀತಿಯಲ್ಲೇ. ಕಾರಣಕ್ಕೆ ಮೊದಲ ಜಾಗ. ಕಾರಣ ಸಿಗುವುದು ಮಾತ್ರ ಎಷ್ಟೋ ಸಲ ಸ್ಲೈಡಿನ ಹೊರಗೆ.

ಕೋವಿಡ್ ಕಾಲದಲ್ಲಿ ಇದು ಮತ್ತೆ ಕಾಣಿಸಿತು. ಅಮೃತಬಳ್ಳಿ ಕಷಾಯ ಆಗ ಮನೆಮನೆಯಲ್ಲೂ ಇತ್ತು, ನಮ್ಮ ಮನೆಯಲ್ಲೂ ಕುದಿಯುತ್ತಿತ್ತು. ಮುಂಬೈನ ಲಿವರ್ ವೈದ್ಯರು ಅದನ್ನು ಕುಡಿದು ಕಾಮಾಲೆ ಬಂದ ಕೆಲವರ ವಿವರ 2021ರಲ್ಲಿ ಪ್ರಕಟಿಸಿದರು. ಬಯಾಪ್ಸಿಯಲ್ಲಿ ಕಂಡದ್ದು ಆಟೋಇಮ್ಯೂನ್ ಹೆಪಟೈಟಿಸ್ ಥರದ್ದೇ ಚಿತ್ರ, ಅಂದರೆ ನಮ್ಮ ಮೈಯೇ ನಮ್ಮ ಲಿವರ್ ಮೇಲೆ ತಿರುಗಿಬೀಳುವ ಕಾಯಿಲೆಯ ಚಿತ್ರ. ಅದು ಅಸಲಿ ಅಮೃತಬಳ್ಳಿಯೇ ಅಲ್ಲ, ಅದೇ ಜಾತಿಯ ಬೇರೆ ಬಳ್ಳಿ ಅಂತ ಆಯುಷ್ ಕಡೆಯಿಂದ ವಾದ ಬಂತು. ಆ ವಾದಕ್ಕೆ ನಾನು ಹೋಗುವುದಿಲ್ಲ. ಬೀದಿಯಲ್ಲಿ ಕಟ್ಟು ಕಟ್ಟಿ ಮಾರುವ ಬಳ್ಳಿ ಯಾವುದು ಅಂತ ಕೊಳ್ಳುವವರಿಗೆ ಗೊತ್ತಾಗುವುದೂ ಇಲ್ಲ. ನನಗೆ ಮುಖ್ಯವಾದದ್ದು ಇಷ್ಟೇ: ಕಷಾಯವನ್ನು ನಮ್ಮ ಜನ ಔಷಧಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ‘ಏನಾದರೂ ಮಾತ್ರೆ ತಗೋತಿದ್ದೀರಾ?’ ಅಂದರೆ ಇಲ್ಲ ಅನ್ನುತ್ತಾರೆ. ಅದು ಸುಳ್ಳಲ್ಲ. ಕೇಳಿದ ರೀತಿ ಸರಿಯಿಲ್ಲ.

ಹಾಗಾಗಿ ನಮ್ಮ ಲ್ಯಾಬಿನ ಬಯಾಪ್ಸಿ ಫಾರಂನ ಹಿಂಬದಿಯಲ್ಲಿ ಕೆಲವು ಪ್ರಶ್ನೆಗಳನ್ನು ಕನ್ನಡದಲ್ಲೇ ಅಚ್ಚು ಹಾಕಿಸಿದ್ದೇವೆ. ಈ ಕಡೆ ತೆಲುಗು ಮಾತಾಡುವವರೂ ಜಾಸ್ತಿ, ಕೆಳಗೆ ತೆಲುಗಿನಲ್ಲೂ ಇದೆ. ಶುಗರ್ ಇದೆಯಾ, ಎಷ್ಟು ವರ್ಷದಿಂದ? ಕುಡಿಯುವ ಅಭ್ಯಾಸ ಇದೆಯಾ? ಮನೆಯಲ್ಲಿ ಕಷಾಯ, ಲೇಹ್ಯ, ಪುಡಿ, ಬೇರು ಏನಾದರೂ ತಗೋತೀರಾ? ಕಾಮಾಲೆಗೆ ನಾಟಿ ಔಷಧಿ ಹಾಕಿಸಿದ್ದೀರಾ? ಜಿಮ್ಮಿನ ಪೌಡರ್? ಮನೆಯಲ್ಲಿ ಬೇರೆ ಯಾರಿಗಾದರೂ ಲಿವರ್ ಕಾಯಿಲೆ ಇತ್ತಾ? ಕುಡಿತದ ಪ್ರಶ್ನೆಯನ್ನು ಒಬ್ಬರೇ ಇದ್ದಾಗ ಕೇಳಿ ಅಂತ ವಾರ್ಡಿನ ನರ್ಸ್‌ಗಳಿಗೆ ಹೇಳಿದ್ದೇವೆ. ಸೊಸೆಯ ಮುಂದೆ ಅತ್ತೆಯನ್ನು ಕೇಳಿದರೆ ಯಾವ ಉತ್ತರ ತಾನೇ ಬರುತ್ತದೆ?

ಕೆಲವು ಫಾರಂ ಖಾಲಿಯೇ ಬರುತ್ತವೆ. ಆಗ ನನ್ನ ವಿದ್ಯಾರ್ಥಿಗಳು ವಾರ್ಡಿಗೆ ಫೋನ್ ಮಾಡುತ್ತಾರೆ, ಇಲ್ಲವೇ ಎದ್ದು ಹೋಗಿ ಕೇಳಿಕೊಂಡು ಬರುತ್ತಾರೆ. ಮೊನ್ನೆ ಒಂದು ಸ್ಲೈಡ್ ಬಂತು. ಲಿವರ್‌ಗೆ ರಕ್ತನಾಳ, ಪಿತ್ತನಾಳ ಹಾದುಹೋಗುವ ಪೋರ್ಟಲ್ ಜಾಗಗಳ ಸುತ್ತ ಪ್ಲಾಸ್ಮಾ ಕೋಶಗಳ, ಅಂದರೆ ಪ್ರತಿಕಾಯ ತಯಾರಿಸುವ ಕೋಶಗಳ ಗುಂಪು, ನೋಡಿದ ತಕ್ಷಣ ಆಟೋಇಮ್ಯೂನ್ ಅನ್ನಿಸುವಂಥದ್ದು. ಫಾರಂ ತಿರುಗಿಸಿದೆ. ನರ್ಸ್ ಅಕ್ಷರದಲ್ಲಿ ಒಂದು ಸಾಲು: ‘ಬಳ್ಳಿ ಕಷಾಯ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ, ದೀಪಾವಳಿಯಿಂದ.’ ವಾರ್ಡಿನ ಡಾಕ್ಟರ್‌ಗೆ ಆ ಸಾಲು ಗೊತ್ತಿರಲಿಲ್ಲ. ರಿಪೋರ್ಟಿನಲ್ಲಿ ಎರಡೂ ಸಾಧ್ಯತೆ ಬರೆದೆ, ಕಷಾಯ ನಿಲ್ಲಿಸಿ ಎಂಜೈಮ್ ಮತ್ತೆ ನೋಡಿ ಅಂತ ಸೇರಿಸಿದೆ. ರೋಗಿಯ ತಂಗಿ ಆ ಬಳ್ಳಿಯ ತುಂಡನ್ನು ಕವರಿನಲ್ಲಿ ಹಾಕಿ ತಂದುಕೊಟ್ಟಿದ್ದಾರೆ. ಬಾಟನಿ ಓದಿದ ಗೆಳತಿಯೊಬ್ಬಳಿಗೆ ತೋರಿಸಬೇಕು. ಮುಂದಿನ ರಕ್ತ ಪರೀಕ್ಷೆ ಸೋಮವಾರ ಇದೆ.